ಪಕ್ಕದ ಮಂಚದಿಂದ ಬೀಳುವ ಏಟು

ವಯಸ್ಸಾದ ತಂದೆಯನ್ನೋ ತಾಯಿಯನ್ನೋ ವೃದ್ಧಾಶ್ರಮಕ್ಕೆ ಸೇರಿಸುವುದೆಂದು ತೀರ್ಮಾನಿಸಿದ ಕುಟುಂಬದವರು ಅಲ್ಲಿಗೆ ಹೋಗಿ ಹತ್ತಾರು ಪ್ರಶ್ನೆಗಳನ್ನು ಕೇಳುತ್ತಾರೆ. ಮಧ್ಯಾಹ್ನದ ಊಟಕ್ಕೆ ಕುಚ್ಚಲಕ್ಕಿಯೋ ಬೆಳ್ತಿಗೆಯೋ, ವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಪ್ರತಿದಿನ ಪೂಜೆ ಇದೆಯೇ, ಠೇವಣಿ ಎಷ್ಟು, ಭೇಟಿಯ ವೇಳೆ ಯಾವುದು. ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಪಕ್ಕದ ಮಂಚದಲ್ಲಿ ಮಲಗುವವರು ಯಾರು, ಅವರ ಮನಸ್ಸಿನ ಸ್ಥಿತಿ ಹೇಗಿದೆ, ನಿವಾಸಿಗಳ ನಡುವೆ ಜಗಳವಾದರೆ ನೀವು ಏನು ಮಾಡುತ್ತೀರಿ ಎಂದು ಕೇಳುವವರು ವಿರಳ. ಕೇಳಬೇಕೆಂದು ತೋಚುವುದೂ ಇಲ್ಲ. ಎಂಬತ್ತು ದಾಟಿದ, ಕೋಲೂರಿ ನಡೆಯುವ ಜೀವಗಳು ಒಂದನ್ನೊಂದು ಹೊಡೆಯುವುದುಂಟೇ ಎಂಬ ಭಾವನೆ ನಮ್ಮದು.

ಹೊಡೆಯುವುದುಂಟು. ವೃದ್ಧರ ಮೇಲಿನ ದೌರ್ಜನ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಆಸ್ತಿಗಾಗಿ ಪೀಡಿಸುವ ಮಗ, ಹೊತ್ತಿಗೆ ಸರಿಯಾಗಿ ಅನ್ನ ಹಾಕದ ಸೊಸೆ, ಇಲ್ಲವೇ ಗದರುವ ಆಯಾ. ಸೊಸೆಯಂದಿರ ಮೇಲೆ ಈ ಅಪವಾದ ಅಗತ್ಯಕ್ಕಿಂತ ಹೆಚ್ಚಾಗಿಯೇ ಬಿದ್ದಿದೆ ಎಂಬುದು ಬೇರೆ ಮಾತು. ಈ ಪಟ್ಟಿಯಲ್ಲಿ ಸಹನಿವಾಸಿಗೆ ಸ್ಥಾನವಿಲ್ಲ. ಆದರೆ ಕಳೆದ ಎರಡು ದಶಕಗಳಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನಡೆದ ಅಧ್ಯಯನಗಳು ಬೇರೆಯದೇ ಚಿತ್ರವನ್ನು ನಮ್ಮ ಮುಂದಿಡುತ್ತವೆ. ಆಶ್ರಮವಾಸಿಯಾದ ವೃದ್ಧರು ಬೈಗುಳವನ್ನೋ ತಳ್ಳಾಟವನ್ನೋ ಏಟನ್ನೋ ಅನುಭವಿಸುವುದು ಅನೇಕ ವೇಳೆ ತಮ್ಮಂತೆಯೇ ಅಲ್ಲಿ ಆಸರೆ ಪಡೆದಿರುವ ಇನ್ನೊಬ್ಬ ವೃದ್ಧರಿಂದ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್, ಮಾರ್ಕ್ ಲ್ಯಾಕ್ಸ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ 10 ನರ್ಸಿಂಗ್ ಹೋಂಗಳ ಸುಮಾರು 2,000 ನಿವಾಸಿಗಳನ್ನು ಗಮನಿಸಿ 2016ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. (ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಆಸ್ಪತ್ರೆ, ಅಲ್ಲಿ ಅದು ಆರೈಕೆ ಬೇಕಾದ ವೃದ್ಧರ ವಾಸದ ಮನೆ.) ಅವರು ಸಂಸ್ಥೆಯ ಕಡತಗಳನ್ನಷ್ಟೇ ತಿರುವಿ ಹಾಕಿ ಸುಮ್ಮನಾಗಲಿಲ್ಲ, ನಿವಾಸಿಗಳನ್ನು ಕೇಳಿದರು, ಸಿಬ್ಬಂದಿಯನ್ನು ಕೇಳಿದರು, ಸ್ವತಃ ನಿಂತು ನೋಡಿದರು. ಕೇವಲ ನಾಲ್ಕು ವಾರಗಳ ಅವಧಿಯಲ್ಲಿ ನೂರಕ್ಕೆ 20ರಷ್ಟು ನಿವಾಸಿಗಳು, ಅಂದರೆ ಐವರಲ್ಲಿ ಒಬ್ಬರು, ಇಂತಹ ಯಾವುದಾದರೊಂದು ಘಟನೆಯಲ್ಲಿ ಸಿಕ್ಕಿಕೊಂಡಿದ್ದರು. ಕೂಗಾಟ, ಬೈಗುಳಗಳ ಪಾಲೇ ಹೆಚ್ಚು. ಅನ್ಯರ ಕೋಣೆಗೆ ನುಗ್ಗುವುದು, ವಸ್ತುಗಳನ್ನು ಎತ್ತಿಕೊಳ್ಳುವುದು, ಹೊಡೆತ, ನೂಕಾಟ, ವಿರಳವಾಗಿ ಲೈಂಗಿಕ ಕಿರುಕುಳವೂ ಸೇರಿದ್ದವು. ಆರೈಕೆಯ ಅಗತ್ಯ ಅಷ್ಟಾಗಿ ಇಲ್ಲದ ವೃದ್ಧರು ವಾಸಿಸುವ ಮನೆಗಳಲ್ಲಿಯೂ ಅದೇ ರಾಜ್ಯದಲ್ಲಿ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನವು ನೂರಕ್ಕೆ 15ರಷ್ಟು ಮಂದಿಯನ್ನು ಗುರುತಿಸಿತು. ಮೈಯಲ್ಲಿ ಶಕ್ತಿ ಹೆಚ್ಚಿದ್ದಲ್ಲಿ ಜಗಳ ಇಲ್ಲ ಎಂದೇನೂ ಅಲ್ಲ.

ಸೇರಿದ ದಿನವೇ

ಕೆನಡಾದ ಟೊರೊಂಟೊ ನಗರದ ಕಾಸಾ ವರ್ಡೆ ಎಂಬ ವೃದ್ಧರ ಆರೈಕೆ ಕೇಂದ್ರದಲ್ಲಿ 2001ರ ಜೂನ್ ತಿಂಗಳಲ್ಲಿ ನಡೆದ ಘಟನೆ ಈ ವಿಷಯದ ಚರಿತ್ರೆಯಲ್ಲಿ ಒಂದು ಗಡಿಕಲ್ಲು. ಎಪ್ಪತ್ತು ದಾಟಿದ, ಡಿಮೆನ್ಶಿಯಾ ಎಂಬ ಮರೆಗುಳಿ ಬೇನೆಯಿಂದ ಬಳಲುತ್ತಿದ್ದ ವ್ಯಕ್ತಿಯೊಬ್ಬರನ್ನು ಅಲ್ಲಿಗೆ ಸೇರಿಸಲಾಯಿತು. ಸೇರಿಸಿದ ಕೆಲವೇ ಗಂಟೆಗಳಲ್ಲಿ ಅವರು ಇಬ್ಬರು ಸಹನಿವಾಸಿಗಳನ್ನು ಹೊಡೆದು ಕೊಂದರು. ಕೊಲೆಗೆ ಯಾವ ಹಗೆಯೂ ಕಾರಣವಾಗಿರಲಿಲ್ಲ. ಸತ್ತವರಿಗೂ ಹೊಡೆದವರಿಗೂ ಹಳೆಯ ಪರಿಚಯವೇ ಇರಲಿಲ್ಲ. ಅಪರಿಚಿತ ಕೋಣೆ, ಅಪರಿಚಿತ ಮುಖಗಳು, ಸುತ್ತಲೂ ಅಪಾಯವೇ ಇದೆಯೆಂದು ಸಂಶಯಪಡುವ ರೋಗಗ್ರಸ್ತ ಮನಸ್ಸು. ಇಷ್ಟು ಸಾಕಾಯಿತು.

ಈ ಸಾವುಗಳ ಕುರಿತು 2005ರಲ್ಲಿ ಸಾರ್ವಜನಿಕ ಮರಣವಿಚಾರಣೆ ನಡೆಯಿತು. ಪಂಚರು 85 ಶಿಫಾರಸುಗಳನ್ನು ಮಾಡಿದರು. ಸೇರಿಸುವ ಮುನ್ನ ರೋಗಿಯ ನಡವಳಿಕೆಯ ಸರಿಯಾದ ಪರಿಶೀಲನೆ ನಡೆಯಬೇಕು, ಉಗ್ರವಾಗಿ ವರ್ತಿಸುವ ಸಂಭವವುಳ್ಳವರಿಗೆ ತರಬೇತಾದ ದಾದಿಯರಿರುವ ಪ್ರತ್ಯೇಕ ವಿಭಾಗಗಳು ಬೇಕು, ಸಿಬ್ಬಂದಿಯ ಸಂಖ್ಯೆ ಹೆಚ್ಚಬೇಕು ಎಂಬುದು ಅವುಗಳ ಸಾರ. ಮುಂದೆ 2010ರ ದಶಕದ ಆರಂಭದಲ್ಲಿ ಒಂಟಾರಿಯೊ ಪ್ರಾಂತವು ಇಂತಹ ವೃದ್ಧರ ನಡವಳಿಕೆಯನ್ನು ಅರಿತು ನೆರವಾಗುವ ತಂಡಗಳನ್ನು ರೂಪಿಸಿತು. ಸಾವಿನಿಂದ ತಂಡದವರೆಗೆ ಹತ್ತು ವರ್ಷ ಹಿಡಿಯಿತೆಂಬುದನ್ನು ಗಮನಿಸಬೇಕು.

ಇದು ಅಪವಾದಾತ್ಮಕ ಘಟನೆ ನಿಜ. ಸಾಮಾನ್ಯವಾಗಿ ನಡೆಯುವುದು ಇಷ್ಟು ಘೋರವಾಗಿರುವುದಿಲ್ಲ, ಆದುದರಿಂದಲೇ ಕಣ್ಣಿಗೆ ಬೀಳುವುದೂ ಇಲ್ಲ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಜೋಸೆಫ್ ಇಬ್ರಾಹಿಂ, ಬ್ರಯೋನಿ ಮರ್ಫಿ ಮತ್ತಿತರರು ಆ ದೇಶದ ಮರಣವಿಚಾರಣೆಯ ದಾಖಲೆಗಳನ್ನು ಪರಿಶೀಲಿಸಿ, 2000ದಿಂದ 2013ರವರೆಗಿನ 14 ವರ್ಷಗಳಲ್ಲಿ 28 ಮಂದಿ ಸಹನಿವಾಸಿಯ ಕೈಯಿಂದ ಸತ್ತುದನ್ನು ಗುರುತಿಸಿದರು. ಹೇಗೆ ಸತ್ತರು? ಹೆಚ್ಚಿನವರು ಒಂದು ತಳ್ಳಿಗೆ ಸಿಕ್ಕಿ ಬಿದ್ದು ಸತ್ತರು. ಯುವಕನೊಬ್ಬನನ್ನು ಅಷ್ಟು ಬಲದಿಂದ ತಳ್ಳಿದ್ದರೆ ಆತ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದ. ಎಂಬತ್ತೈದರ ವೃದ್ಧೆಯ ಮೂಳೆ ಟೊಳ್ಳಾಗಿರುತ್ತದೆ. ಸೊಂಟದ ಕೀಲು ಮುರಿದರೆ, ತಲೆ ನೆಲಕ್ಕೆ ಬಡಿದರೆ, ಆ ಪೆಟ್ಟಿನಿಂದ ಮೇಲೇಳುವುದು ದುಸ್ತರ. ಹಲ್ಲೆಯೆಸಗಿದವರಲ್ಲಿ ನೂರಕ್ಕೆ 90ರಷ್ಟು ಮಂದಿಗೆ ಡಿಮೆನ್ಶಿಯಾ ಇತ್ತು. ಅವರು ತಾವು ತಳ್ಳಿದವರಿಗಿಂತ ವಯಸ್ಸಿನಲ್ಲಿ ಕಿರಿಯರೂ ಮನೆಗೆ ಇತ್ತೀಚೆಗೆ ಸೇರಿದವರೂ ಆಗಿರುವುದು ಹೆಚ್ಚು ಕಂಡುಬಂತು. ಟೊರೊಂಟೊದ ಕಥೆಯಲ್ಲಿ ಕಂಡ ಸಂಗತಿ ಇಲ್ಲಿಯೂ ಕಾಣುತ್ತದೆ: ಹೊಸತಾಗಿ ಬಂದವರ ಮೊದಲ ದಿನಗಳೇ ಎಲ್ಲರಿಗೂ ಕಷ್ಟದ ದಿನಗಳು.

ಆಸ್ಟ್ರೇಲಿಯಾದ ಅನುಭವದಲ್ಲಿ ಇನ್ನೊಂದು ಸಂಗತಿಯಿದೆ. ಈ ಲೇಖನ ಬರೆಯಲು ಮುಖ್ಯ ಪ್ರೇರಣೆ ಅದೇ. ವೃದ್ಧಾಶ್ರಮಗಳಲ್ಲಿ ನಡೆಯುವ ಹಲ್ಲೆಗಳನ್ನು ಸರಕಾರಕ್ಕೆ ವರದಿ ಮಾಡಬೇಕೆಂಬ ಕಾನೂನು ಅಲ್ಲಿ 2007ರಲ್ಲಿಯೇ ಜಾರಿಗೆ ಬಂದಿತ್ತು. ಆದರೆ ಹೊಡೆದವರು ಬುದ್ಧಿಶಕ್ತಿ ಕುಂದಿದ ನಿವಾಸಿಯಾಗಿದ್ದು, ಅವರ ವರ್ತನೆಯನ್ನು ಹತೋಟಿಗೆ ತರುವ ಏರ್ಪಾಡನ್ನು ಸಂಸ್ಥೆಯು 24 ಗಂಟೆಗಳೊಳಗೆ ಮಾಡಿದ್ದರೆ ವರದಿ ಮಾಡಬೇಕಿರಲಿಲ್ಲ. ಸದುದ್ದೇಶದ ವಿನಾಯಿತಿ, ರೋಗಿಯನ್ನು ಪೊಲೀಸರೆದುರು ನಿಲ್ಲಿಸಬಾರದೆಂಬ ದಯೆ. ಪರಿಣಾಮ ಮಾತ್ರ ವಿಪರೀತವಾಯಿತು. ವೃದ್ಧರ ಆರೈಕೆಯ ಕುರಿತು ನೇಮಕಗೊಂಡ ರಾಯಲ್ ಕಮಿಷನ್ 2021ರ ಮಾರ್ಚ್‌ನಲ್ಲಿ ಬಹಿರಂಗಗೊಂಡ ತನ್ನ ಅಂತಿಮ ವರದಿಯಲ್ಲಿ ತಿಳಿಸಿದಂತೆ, 2019-20ರಲ್ಲಿ ಕಾನೂನಿನ ಪ್ರಕಾರ ವರದಿಯಾದ ಹಲ್ಲೆಯ ಆರೋಪಗಳು 5,700ರಷ್ಟು. ನಿವಾಸಿಗಳ ನಡುವಿನವೆಂಬ ಕಾರಣಕ್ಕೆ ವಿನಾಯಿತಿ ಪಡೆದು ಲೆಕ್ಕಕ್ಕೆ ಬಾರದೆ ಉಳಿದವು ಅಂದಾಜು 27,000ದಿಂದ 39,000. ಕಡತಕ್ಕೆ ಬಂದದ್ದಕ್ಕಿಂತ ಐದಾರು ಪಟ್ಟು ಹೆಚ್ಚು ಸಂಗತಿಗಳು ಕಡತದ ಹೊರಗಿದ್ದವು.

2021ರ ಏಪ್ರಿಲ್ 1ರಿಂದ ಆ ವಿನಾಯಿತಿ ರದ್ದಾಯಿತು. ಈಗ ಹೊಡೆದವರು ಯಾರೇ ಆಗಿರಲಿ, ಗಂಭೀರ ಘಟನೆಯಾದರೆ 24 ಗಂಟೆಗಳೊಳಗೆ, ಉಳಿದವುಗಳನ್ನು 30 ದಿನಗಳೊಳಗೆ ವರದಿ ಮಾಡತಕ್ಕದ್ದು. ಹೊಡೆದ ವೃದ್ಧರನ್ನು ಶಿಕ್ಷಿಸುವುದು ಇದರ ಗುರಿಯಲ್ಲ. ಆ ಮನೆಯಲ್ಲಿ ಏನೋ ಸರಿಯಿಲ್ಲ ಎಂಬುದನ್ನು ತಿಳಿಯಲು ಬೇರೆ ದಾರಿಯಿಲ್ಲ ಎಂಬ ಅರಿವು ಅದರ ಹಿಂದಿದೆ.

ಕುರ್ಚಿ, ಫ್ಯಾನು, ಕಿಟಕಿ

ಏಕೆ ಹೊಡೆಯುತ್ತಾರೆ? ಜೀವಮಾನವಿಡೀ ಯಾರಿಗೂ ಗಟ್ಟಿಯಾಗಿ ಒಂದು ಮಾತಾಡದ ವ್ಯಕ್ತಿ ಎಂಬತ್ತರಲ್ಲಿ ಕೈಯೆತ್ತುವುದು ಹೇಗೆ ಎಂದು ಮಕ್ಕಳು ಬೆರಗಾಗುತ್ತಾರೆ. ಕೆಲವರು, ಮೊದಲಿನಿಂದಲೂ ಒಳಗಿದ್ದ ಗುಣ ಈಗ ಹೊರಬಿತ್ತು ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಕ್ರೂರವಾದುದು, ಬಹುತೇಕ ತಪ್ಪೂ ಹೌದು. ಡಿಮೆನ್ಶಿಯಾ ಎಂದರೆ ಮರೆವು ಮಾತ್ರವೆಂದು ನಾವು ತಿಳಿದಿದ್ದೇವೆ. ಆದರೆ ಕೋಪ ಬಂದಾಗ ನಾಲಗೆಯನ್ನೂ ಕೈಯನ್ನೂ ಬಿಗಿಹಿಡಿಯುವ ಶಕ್ತಿ ಮೆದುಳಿನ ಮುಂಭಾಗದ್ದು. ಬೇನೆ ಅಲ್ಲಿಗೆ ಹರಡಿದಾಗ ಕಡಿವಾಣ ಸಡಿಲುತ್ತದೆ. ಕಂಡದ್ದನ್ನು ಗುರುತಿಸುವ ಶಕ್ತಿ ಕುಂದಿದಾಗ ಸ್ನೇಹದಿಂದ ಹತ್ತಿರ ಬಂದವರೂ ಕಳ್ಳರಂತೆ ಕಾಣುತ್ತಾರೆ. ಬೇಕಾದದ್ದನ್ನು ಹೇಳಲು ಮಾತು ಸಿಗದಾದಾಗ ಉಳಿಯುವುದು ಕೈ ಮಾತ್ರ. ಈ ವಿಷಯದಲ್ಲಿ ಬಹುಕಾಲ ದುಡಿದ ಅಮೆರಿಕದ ಸಂಶೋಧಕ ಐಲಾನ್ ಕಾಸ್ಪಿಯವರು ಇಂತಹ ವೃದ್ಧರಿಗೆ 'ಆಕ್ರಮಣಕಾರಿ' ಎಂಬ ಹಣೆಪಟ್ಟಿ ಹಚ್ಚುವುದನ್ನೇ ವಿರೋಧಿಸುತ್ತಾರೆ. ಈಡೇರದ ಯಾವುದೋ ಅಗತ್ಯವನ್ನು ಆ ವರ್ತನೆ ಸಾರುತ್ತಿದೆ ಎಂಬುದು ಅವರ ವಾದ.

ಆ ಅಗತ್ಯ ಯಾವುದೆಂದು ತಿಳಿಯಲು ಆಶ್ರಮದ ಒಂದು ದಿನವನ್ನು ನೆನೆದರೆ ಸಾಕು. ಊಟದ ಕೋಣೆಯಲ್ಲಿ ಪ್ರತಿಯೊಬ್ಬರಿಗೂ ತನ್ನದೆಂಬ ಒಂದು ಕುರ್ಚಿಯಿರುತ್ತದೆ. ಅದು ಯಾವ ದಾಖಲೆಯಲ್ಲಿಯೂ ಇಲ್ಲ. ಮನೆ, ತೋಟ, ಕಪಾಟಿನ ಬೀಗದ ಕೈ ಎಲ್ಲವನ್ನೂ ಬಿಟ್ಟು ಬಂದ ಜೀವಕ್ಕೆ ಜಗತ್ತಿನಲ್ಲಿ ಉಳಿದಿರುವ ಸ್ವಂತ ಸ್ಥಳ ಅದೊಂದೇ ಇರಬಹುದು. ಮೊನ್ನೆ ಸೇರಿದವರು ತಿಳಿಯದೆ ಅಲ್ಲಿ ಕುಳಿತರೆ ಜಗಳ ಆರಂಭ. ಪ್ರಾರ್ಥನಾ ಮಂದಿರದ ಬೆಂಚಿನ ತುದಿಯ ಸ್ಥಾನಕ್ಕೂ ಇದೇ ಗೌರವ ಸಲ್ಲುತ್ತದೆಂಬುದನ್ನು ಆಶ್ರಮ ನಡೆಸುವ ಧರ್ಮಭಗಿನಿಯರು ಬಲ್ಲರು. ಸಾಲು ಮಂಚಗಳ ಕೋಣೆಯಲ್ಲಿ ಒಬ್ಬರಿಗೆ ಫ್ಯಾನು ಬೇಕು, ಇನ್ನೊಬ್ಬರಿಗೆ ಗಾಳಿ ತಾಗಿದರೆ ಕೀಲುನೋವು. ಒಬ್ಬರು ಕಿಟಕಿ ತೆರೆಯುತ್ತಾರೆ, ಇನ್ನೊಬ್ಬರು ಮುಚ್ಚುತ್ತಾರೆ. ಕಿವಿ ಮಂದವಾದವರು ಟಿ.ವಿ.ಯ ಸದ್ದನ್ನು ಏರಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಒಬ್ಬರು ದೊಡ್ಡ ದನಿಯಲ್ಲಿ ಮಗನನ್ನು ಕರೆಯುತ್ತಾರೆ. ಪಕ್ಕದವರಿಗೆ ಅದು ಮೂರನೆಯ ನಿದ್ದೆಯಿಲ್ಲದ ರಾತ್ರಿ. ಮರೆವಿನವರು ತಮ್ಮದೆಂದುಕೊಂಡು ಇನ್ನೊಬ್ಬರ ಕೋಣೆಗೆ ಹೋಗಿ, ಅವರ ಹಾಸಿಗೆಯ ಮೇಲೆ ಮಲಗಿ, ಅವರ ಶಾಲು ಹೊದ್ದುಕೊಳ್ಳುತ್ತಾರೆ. ಒಳಗೆ ಬಂದದ್ದು ಯಾರೆಂದು ತಿಳಿಯದ ಒಡತಿ ಹೆದರಿ ಕೋಲೆತ್ತಿದರೆ ಅಪರಾಧಿ ಯಾರು?

ಸಂಜೆಯ ಹೊತ್ತು ವಿಶೇಷವಾಗಿ ಕಠಿಣ. ಬೆಳಕು ಕುಗ್ಗುವಾಗ ಡಿಮೆನ್ಶಿಯಾದ ಅನೇಕ ರೋಗಿಗಳಲ್ಲಿ ಕಳವಳ ಏರುತ್ತದೆ. ಮನೆಗೆ ಹೋಗಬೇಕು, ದನ ಕಟ್ಟಬೇಕು, ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತು ಎಂದು ಚಡಪಡಿಸುತ್ತಾರೆ. ನಮ್ಮ ಕರಾವಳಿಯ ಮಳೆಗಾಲದ ದಿನಗಳಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯುತ್ತದೆ, ಅಂಗಳಕ್ಕೆ ಹೋಗುವಂತಿಲ್ಲ, ಎಲ್ಲರೂ ಒಂದೇ ವರಾಂಡದಲ್ಲಿ. ಕೆಲಸದವರ ಪಾಳಿ ಬದಲಾಗುವುದೂ ಆಗಲೇ.

ಇನ್ನು ನೋವಿನ ಮಾತು. ನೋವಾಗುತ್ತಿದೆ ಎಂದು ಹೇಳಲಾರದ ರೋಗಿಯ ಮಲಬದ್ಧತೆ, ಮೂತ್ರದ ಸೋಂಕು, ಹುಳುಕು ಹಲ್ಲು, ಸವೆದ ಮಂಡಿ ಇವೆಲ್ಲವೂ ಕೋಪವಾಗಿ ಹೊರಬರಬಹುದು. ಪಶ್ಚಿಮ ನಾರ್ವೆಯ 18 ನರ್ಸಿಂಗ್ ಹೋಂಗಳಲ್ಲಿ ಡಿಮೆನ್ಶಿಯಾವಿದ್ದ, ವರ್ತನೆಯ ತೊಂದರೆಯಿದ್ದ 352 ನಿವಾಸಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಇಲ್ಲಿ ಸ್ಮರಿಸಬೇಕು. ಅರ್ಧದಷ್ಟು ಮಂದಿಗೆ ಎಂಟು ವಾರಗಳ ಕಾಲ ಕ್ರಮಬದ್ಧವಾಗಿ ನೋವು ಶಮನದ ಔಷಧ ಕೊಡಲಾಯಿತು. ಹೆಚ್ಚಿನವರಿಗೆ ದೊರೆತದ್ದು ನಮ್ಮ ಮನೆಮನೆಯಲ್ಲಿರುವ ಪ್ಯಾರಾಸಿಟಮಾಲ್. ಅವರ ಉದ್ರೇಕ ಸರಾಸರಿ ನೂರಕ್ಕೆ 17ರಷ್ಟು ಇಳಿಯಿತು. ಹುಚ್ಚು ಎಂದು, ದುಷ್ಟತನವೆಂದು ತಿಳಿದದ್ದರಲ್ಲಿ ಒಂದು ಪಾಲು ಬರಿಯ ಮಂಡಿನೋವಾಗಿತ್ತು!

ಇದಕ್ಕೆ ಬದಲಾಗಿ ಸುಲಭವಾಗಿ ಕೈಗೆ ಸಿಗುವುದು ಮಂಪರು ಬರಿಸುವ ಮಾತ್ರೆ. ಮನೋರೋಗದ ಕೆಲವು ಔಷಧಗಳನ್ನು ಡಿಮೆನ್ಶಿಯಾವುಳ್ಳ ವೃದ್ಧರಿಗೆ ಕೊಟ್ಟರೆ ಸಾವಿನ ಸಂಭವ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2005ರಲ್ಲಿಯೇ ಕಟು ಎಚ್ಚರಿಕೆ ನೀಡಿತು. ವೈದ್ಯರು ಅಗತ್ಯ ಕಂಡು, ಅಲ್ಪಕಾಲಕ್ಕೆ, ಕುಟುಂಬಕ್ಕೆ ತಿಳಿಸಿ ಕೊಡುವುದು ಬೇರೆ. ವಾರ್ಡು ಶಾಂತವಾಗಿರಲೆಂದು ಕೊಡುವುದು ಬೇರೆ. ಮಂಚಕ್ಕೆ ಕಟ್ಟಿಹಾಕುವ ವಿಷಯವನ್ನು ಚರ್ಚಿಸುವುದೇ ಬೇಡ.

ಭಾಷೆಯ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಬೇನೆ ಬಲಿತಂತೆ ಮೊದಲು ಕಳಚುವುದು ತಡವಾಗಿ ಕಲಿತ ಭಾಷೆ. ಕೊನೆಯವರೆಗೆ ಉಳಿಯುವುದು ತಾಯ ಮಡಿಲ ಭಾಷೆ. ನಮ್ಮ ಆಶ್ರಮಗಳಲ್ಲಿ ಕೊಂಕಣಿಯವರು, ತುಳುವಿನವರು, ಮಲೆಯಾಳದವರು, ಕನ್ನಡದವರು ಒಂದೇ ಸೂರಿನಡಿ ಇರುತ್ತಾರೆ. ಪರದೇಶದಲ್ಲಿ ನೆಲೆಸಿ ಅಲ್ಲಿಯೇ ವೃದ್ಧರಾದ ನಮ್ಮವರ ಪಾಡು ಇನ್ನೂ ಕಠಿಣ. ಐವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದ ವ್ಯಕ್ತಿ ಟೊರೊಂಟೊದಲ್ಲೋ ಮೆಲ್ಬೋರ್ನ್‌ನಲ್ಲೋ ಒಂದು ದಿನ ಕೊಂಕಣಿಯಲ್ಲಿ ನೀರು ಕೇಳಿದರೆ ತಂದುಕೊಡುವವರಿಲ್ಲ. ಕೇಳಿ ಕೇಳಿ ಸೋತ ದನಿ ಕೂಗಾಗುತ್ತದೆ, ಕೂಗಿಗೆ ಪಕ್ಕದವರ ಬೈಗುಳ ಉತ್ತರವಾಗುತ್ತದೆ. ಅಂತಹ ಮನೆಗಳಲ್ಲಿ ದಾದಿಯರಾಗಿ ದುಡಿಯುತ್ತಿರುವ ನಮ್ಮ ಊರಿನ ಹೆಣ್ಣುಮಕ್ಕಳು ಅನೇಕರಿದ್ದಾರೆ. ಈ ಸಂಗತಿ ನಮಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ.

ಅರ್ಜಿಯಲ್ಲಿ ಬರೆಯದ ಮಾತು

ನಮ್ಮ ದೇಶಕ್ಕೆ ಬರೋಣ. 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿತು. ಇಂತಹ ರೋಗಿಗಳಿಗಾಗಿಯೇ ಇರುವ ಕೇಂದ್ರಗಳು ಬೆಂಗಳೂರಿನಂತಹ ನಗರಗಳಲ್ಲಿ ಬೆರಳೆಣಿಕೆಯಷ್ಟು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 19ನೆಯ ಕಲಮು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ನೆಲೆಯಾಗುವ ಒಂದಾದರೂ ಆಶ್ರಮದ ಕುರಿತು ಹೇಳುತ್ತದೆ. ಆಶ್ರಮದ ಆಡಳಿತ ಹೇಗಿರಬೇಕೆಂಬ ಯೋಜನೆಯನ್ನು ರಾಜ್ಯಗಳಿಗೆ ಬಿಡುತ್ತದೆ. ಇಬ್ಬರು ನಿವಾಸಿಗಳ ನಡುವೆ ಹಲ್ಲೆ ನಡೆದರೆ ಯಾರಿಗೆ, ಎಷ್ಟು ಗಂಟೆಗಳೊಳಗೆ ತಿಳಿಸಬೇಕೆಂಬ ಮಾತು ಆ ಕಾಯ್ದೆಯಲ್ಲಿಲ್ಲ. ಆಸ್ಟ್ರೇಲಿಯಾದ ವಿನಾಯಿತಿಯನ್ನು ನಾವು ಟೀಕಿಸಬಹುದು. ವಿನಾಯಿತಿ ಕೊಡಲು ನಮ್ಮಲ್ಲಿ ನಿಯಮವಾದರೂ ಬೇಕಲ್ಲ?

ಬಹಳಷ್ಟು ಆಶ್ರಮಗಳು ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲ, ಮನಸ್ಸು ಸ್ಥಿಮಿತದಲ್ಲಿರುವ ವೃದ್ಧರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಸಿಬ್ಬಂದಿಯ ಕೊರತೆಯಿರುವಾಗ ಈ ನಿಯಮವನ್ನು ದೂಷಿಸಲಾಗದು. ಆದರೆ ಅದರ ಫಲವಾಗಿ ಕುಟುಂಬದವರು ಸುಳ್ಳು ಹೇಳಲು ಕಲಿತಿದ್ದಾರೆ. "ಅಪ್ಪನಿಗೆ ಸ್ವಲ್ಪ ಮರೆವು ಸಿಸ್ಟರ್, ವಯಸ್ಸಾಯಿತಲ್ಲ, ಬೇರೇನಿಲ್ಲ" ಎಂಬ ಮಾತಿನ ಹಿಂದೆ ಎರಡು ವರ್ಷಗಳಿಂದ ನಿದ್ದೆಯಿಲ್ಲದ ರಾತ್ರಿಗಳು, ಮುರಿದ ಬಾಗಿಲು, ಹೆಂಡತಿಯ ತೋಳಿನ ಮೇಲಿನ ಕಂದು ಗುರುತು ಅಡಗಿರುತ್ತವೆ. ಕೊಲ್ಲಿಯಿಂದಲೋ ಕೆನಡಾದಿಂದಲೋ ಹದಿನೈದು ದಿನಗಳ ರಜೆಯಲ್ಲಿ ಬಂದ ಮಗ ವಿಮಾನ ಹತ್ತುವ ಮುನ್ನ ಎಲ್ಲಿಯಾದರೂ ಒಂದು ವ್ಯವಸ್ಥೆ ಮಾಡಲೇಬೇಕು. ನಿಜ ಹೇಳಿದರೆ ಬಾಗಿಲು ಮುಚ್ಚುತ್ತದೆ. ಅವನ ಸಂಕಟ ಸಣ್ಣದಲ್ಲ.

ಆದರೂ ಈ ಸುಳ್ಳಿನ ಬೆಲೆಯನ್ನು ತೆರುವವರು ಯಾರೆಂದು ಕೇಳಲೇಬೇಕು. ಮೊದಲಿಗೆ ಪಕ್ಕದ ಮಂಚದವರು. ಬಳಿಕ ರಾತ್ರಿ ಪಾಳಿಯಲ್ಲಿ ಒಂಟಿಯಾಗಿರುವ, ಏನೊಂದೂ ತಿಳಿಯದ ಸಹಾಯಕಿ. ಕೊನೆಯದಾಗಿ ಆ ತಂದೆಯೇ. ಏಕೆಂದರೆ ಅವರನ್ನು ಯಾವುದು ಹೆದರಿಸುತ್ತದೆ, ಯಾವ ಮಾತು ಸಮಾಧಾನಪಡಿಸುತ್ತದೆ ಎಂದು ಬಲ್ಲವರು ವಿಮಾನದಲ್ಲಿದ್ದಾರೆ. ಕಾಸಾ ವರ್ಡೆಯ ಪಂಚರು ಸೇರ್ಪಡೆಗೆ ಮುನ್ನಿನ ಪರಿಶೀಲನೆಗೆ ಅಷ್ಟೊಂದು ಒತ್ತು ಕೊಟ್ಟದ್ದು ಸುಮ್ಮನೆ ಅಲ್ಲ.

ಮೌನ ಒಂದು ಕಡೆಯದಲ್ಲ. ಘಟನೆ ನಡೆದ ಮೇಲೆ "ಕಾಲು ಜಾರಿ ಬಿದ್ದರು" ಎಂಬ ಒಂದು ವಾಕ್ಯದಲ್ಲಿ ಎಲ್ಲವನ್ನೂ ಮುಗಿಸುವ ಆಶ್ರಮಗಳೂ ಉಂಟು. ಸಂಸ್ಥೆಯ ಹೆಸರು ಕೆಡಬಾರದು, ದಾನಿಗಳಿಗೆ ತಿಳಿಯಬಾರದು, ಎರಡು ಕುಟುಂಬಗಳ ನಡುವೆ ವೈಮನಸ್ಸು ಬೇಡ. ಇಂತಹ ಕಾರಣಗಳು ಮೇಲ್ನೋಟಕ್ಕೆ ಸಭ್ಯವಾಗಿಯೇ ಕಾಣುತ್ತವೆ. ಹಾಗೆ ಬರೆದಿಟ್ಟ ಮರುದಿನ ಅದೇ ಇಬ್ಬರು ಅದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಾರೆ. ಪೆಟ್ಟು ತಿಂದವರು ಮಾತನಾಡಬಲ್ಲವರಾದರೂ ಬಾಯಿಬಿಡುವುದಿಲ್ಲ. ದೂರು ಹೇಳಿದರೆ ತಮ್ಮನ್ನೇ ಹೊರಗೆ ಹಾಕಿಯಾರೆಂಬ ಭಯ, ದೂರದಲ್ಲಿರುವ ಮಗಳಿಗೆ ಚಿಂತೆಯಾದೀತೆಂಬ ಮರುಕ. ಆದುದರಿಂದ ಭೇಟಿಗೆ ಹೋದವರು ಕೇಳಿ ತಿಳಿಯುವುದಕ್ಕಿಂತ ನೋಡಿ ತಿಳಿಯಬೇಕಾದದ್ದೇ ಹೆಚ್ಚು. ಕಾರಣ ಹೇಳದ ಗಾಯ, ಊಟದ ಕೋಣೆಗೆ ಹೋಗಲು ಹಿಂಜರಿಕೆ, ಒಬ್ಬರು ನಿರ್ದಿಷ್ಟ ವ್ಯಕ್ತಿ ಹತ್ತಿರ ಬಂದಾಗ ಮೈ ಮುದುಡುವುದು, ಹಗಲೆಲ್ಲ ತೂಕಡಿಕೆ, ಮಂಚ ಬದಲಿಸಿಕೊಡಿ ಎಂಬ ಪದೇ ಪದೇ ಬೇಡಿಕೆ. ಇವನ್ನು ಮುದಿತನದ ಹಟವೆಂದು ತಳ್ಳಿಹಾಕಬಾರದು.

ಒಳ್ಳೆಯ ಆಶ್ರಮ ಏನು ಮಾಡಬಹುದು? ಕಾರ್ನೆಲ್ ತಂಡದವರು ಸಿಬ್ಬಂದಿಗಾಗಿ ಒಂದು ತರಬೇತಿ ಕ್ರಮವನ್ನು ರೂಪಿಸಿದ್ದಾರೆ. ಪೆಟ್ಟಾದವರಿಗೂ ಹೊಡೆದವರಿಗೂ ಮೊದಲು ಆಸರೆ, ಬಳಿಕ ಪರಿಸ್ಥಿತಿಯ ಪರಿಶೀಲನೆ, ತಕ್ಷಣದ ಕ್ರಮ, ವರದಿ, ಇಬ್ಬರ ಆರೈಕೆಯ ಯೋಜನೆಯಲ್ಲಿ ಬದಲಾವಣೆ, ಮರುಕಳಿಸದಂತೆ ಎಚ್ಚರ ಎಂಬ ಆರು ಮೆಟ್ಟಿಲುಗಳು ಅದರಲ್ಲಿವೆ. ನಮ್ಮಲ್ಲಿ ಅಷ್ಟು ಸಿಬ್ಬಂದಿ ಎಲ್ಲಿದ್ದಾರೆ ಎಂಬ ಆಕ್ಷೇಪ ಸಹಜ. ಹಣ ಬೇಡದ ಉಪಾಯಗಳೂ ಇವೆ. ಐವತ್ತು ಮಂದಿಯನ್ನು ಒಂದೇ ಗಂಟೆಗೆ ಉಣಬಡಿಸುವ ಬದಲು ಎರಡು ಪಂಕ್ತಿ ಮಾಡುವುದು, ಕುರ್ಚಿಯ ಹಿಂದೆ ಹೆಸರಿನ ಜತೆಗೆ ಭಾವಚಿತ್ರ ಅಂಟಿಸುವುದು, ಸಂಜೆಗೆ ಮುಂಚೆಯೇ ದೀಪ ಹಚ್ಚುವುದು, ಹೊಸಬರ ಮೊದಲ ವಾರ ಮನೆಯವರೊಬ್ಬರು ಹಗಲು ಜತೆಗಿರುವಂತೆ ಕೇಳಿಕೊಳ್ಳುವುದು, ಘಟನೆ ನಡೆದ ಹೊತ್ತು, ಸ್ಥಳ, ಅದಕ್ಕೆ ಮುಂಚಿನ ಹತ್ತು ನಿಮಿಷಗಳಲ್ಲಿ ಆದದ್ದು ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಒಂದು ತಿಂಗಳ ಬರವಣಿಗೆಯನ್ನು ಓದಿದರೆ ಜಗಳಗಳೆಲ್ಲ ಒಂದೇ ಬಾಗಿಲ ಬಳಿ, ಒಂದೇ ಹೊತ್ತಿಗೆ ಎಂಬುದು ಕಂಡರೆ ಆಶ್ಚರ್ಯವಿಲ್ಲ.

ಎರಡು ಕುಟುಂಬಗಳ ವಿಚಾರ ಉಳಿಯಿತು. ತಾಯಿಗೆ ಪೆಟ್ಟಾದವರ ಸಿಟ್ಟು ಅರ್ಥವಾಗುವಂತಹುದೇ. ಹೊಡೆದವರ ಮಕ್ಕಳು ಭಾನುವಾರ ಚರ್ಚಿನಲ್ಲಿ ಮುಖ ತಪ್ಪಿಸಿ ನಡೆಯುವುದೂ ಅಷ್ಟೇ ಸಹಜ. ಕಾನೂನಿನ ದೃಷ್ಟಿ ಇಲ್ಲಿ ಸ್ಪಷ್ಟವಾಗಿದೆ. ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ತಾನು ಮಾಡುತ್ತಿರುವುದೇನು, ಅದು ತಪ್ಪೇ ಎಂದು ಆ ಗಳಿಗೆಯಲ್ಲಿ ಅರಿಯಲಾರದವರು ಮಾಡಿದ ಕೃತ್ಯ ಅಪರಾಧವಲ್ಲ. ಹಳೆಯ ದಂಡಸಂಹಿತೆಯ 84ನೆಯ ಕಲಮಿನಲ್ಲಿದ್ದ ಈ ತತ್ವ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿ ಮುಂದುವರಿದಿದೆ. ಆದರೆ ಅಪಾಯ ತಿಳಿದೂ ಸುಮ್ಮನಿದ್ದ ಸಂಸ್ಥೆಗೆ ಆ ರಕ್ಷಣೆ ಅನ್ವಯಿಸುವುದಿಲ್ಲ. ಮಾತುಕತೆ ಫಲಿಸದಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಕರೆ ಉಚಿತ. ಹೊಡೆದವರನ್ನು ಮರುದಿನವೇ ಮನೆಗೆ ಕಳುಹಿಸಿಬಿಡಿ ಎಂದು ಒತ್ತಾಯಿಸುವವರು ಒಂದು ಸಂಗತಿಯನ್ನು ನೆನಪಿಡಬೇಕು: ಡಿಮೆನ್ಶಿಯಾ ಬೆಳೆಯುವ ಬೇನೆ. ಇಂದು ಪೆಟ್ಟು ತಿಂದ ತಾಯಿಯೇ ಇನ್ನೆರಡು ವರ್ಷಗಳಲ್ಲಿ ಕೈಯೆತ್ತುವ ಸ್ಥಿತಿಗೆ ಬರಬಹುದು.

ಸೇರ್ಪಡೆಯ ಅರ್ಜಿಯಲ್ಲಿ ಹೆಸರು, ಧರ್ಮಕೇಂದ್ರ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಂಧುಗಳ ದೂರವಾಣಿ ಸಂಖ್ಯೆ ಇಷ್ಟಕ್ಕೆ ಜಾಗವಿರುತ್ತದೆ. ಇನ್ನೊಂದು ಹಾಳೆಯನ್ನು ಮನೆಯವರು ತಾವೇ ಬರೆದು ಅದಕ್ಕೆ ಲಗತ್ತಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಬಲಗಿವಿ ಕೇಳಿಸುವುದಿಲ್ಲ, ಎಡಗಡೆಯಿಂದ ಮಾತಾಡಿಸಿ. ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಕೈ ಬೀಸುತ್ತಾರೆ. ಮನೆಯಲ್ಲಿ ಎರಡು ಸಲ ಹಾಗಾಗಿದೆ. ಐದು ಗಂಟೆಯ ನಂತರ ಮನೆಗೆ ಹೊರಡುತ್ತೇನೆ ಎನ್ನುತ್ತಾರೆ, ಇಲ್ಲ ಎನ್ನಬೇಡಿ, ಅಂಗಳದಲ್ಲಿ ಒಂದು ಸುತ್ತು ನಡೆಸಿದರೆ ಸಮಾಧಾನವಾಗುತ್ತದೆ. ಕೋಪ ಬಂದಾಗ ಕೊಂಕಣಿ ಬಿಟ್ಟು ಬೇರೆ ಭಾಷೆ ಅರ್ಥವಾಗುವುದಿಲ್ಲ. ಮೊದಲು ಟೈಲರ್ ಆಗಿದ್ದರು, ಕೈಗೆ ಒಂದು ಬಟ್ಟೆ ಕೊಟ್ಟರೆ ಮಡಚುತ್ತಾ ಕೂರುತ್ತಾರೆ. ರಾತ್ರಿ ಎಷ್ಟು ಗಂಟೆಗಾದರೂ ಈ ಸಂಖ್ಯೆಗೆ ಕರೆ ಮಾಡಿ, ಎತ್ತುತ್ತೇವೆ.